ಮಂಡಿ ಮೊಹಲ್ಲಾದ 33 ಮೈನಸ್ಸುಗಳು

‘ಮಂಡಿ ಮೊಹಲ್ಲಾ’ ಎಂಬ ಮೈಸೂರಿನ ಬಡಾವಣೆಯ ಹೆಸರನ್ನು ಕನ್ನಡದಲ್ಲಿ ಬರೆದು ಕಂಪ್ಯೂಟರಿಗೆ ಕೊಟ್ಟರೆ ಯುಟಿಎಫ್-8 ಪದ್ಧತಿಯಲ್ಲಿ ಅದು 34 ಬೈಟು ಜಾಗ ಹಿಡಿಯುತ್ತದೆ. ಇದೇ ಹೆಸರು ಇಂಗ್ಲಿಷಿನಲ್ಲಾದರೆ 13 ಬೈಟು. ಜಾಗ ಹೆಚ್ಚು ಬೇಕು ಎಂಬುದು ಈಗಿನ ಕಾಲಕ್ಕೆ ದೊಡ್ಡ ತಕರಾರಲ್ಲ. ಗಮನಿಸಬೇಕಾದದ್ದು ಬೇರೆ ಇದೆ. ಇಂಗ್ಲಿಷಿನ ಆ 13 ಬೈಟುಗಳಲ್ಲಿ ಒಂದೂ 127ನ್ನು ದಾಟುವುದಿಲ್ಲ. ಕನ್ನಡದ 34ರಲ್ಲಿ, ಎರಡು ಪದಗಳ ನಡುವಿನ ಖಾಲಿ ಜಾಗವೊಂದನ್ನು ಬಿಟ್ಟರೆ, ಉಳಿದ 33 ಬೈಟುಗಳೂ 128 ಅಥವಾ ಅದಕ್ಕಿಂತ ಮೇಲಿನವು. ಈ ಗೆರೆ ದಾಟಿದ ಬೈಟು ಧನಸಂಖ್ಯೆಯೋ ಋಣಸಂಖ್ಯೆಯೋ ಎಂಬ ಬಗ್ಗೆ ಜಗತ್ತಿನ ಕಂಪ್ಯೂಟರುಗಳಲ್ಲಿ ಇಂದಿಗೂ ಒಮ್ಮತವಿಲ್ಲ.

ಮೈಸೂರಿನ ಸಿಟಿ ಬಸ್ಸುಗಳಿಗೆ ಕೆಎಸ್‌ಆರ್‌ಟಿಸಿ 2012ರಲ್ಲಿ ಜಿಪಿಎಸ್ ಜೋಡಿಸಿ, ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ನಿಲ್ದಾಣಗಳಲ್ಲಿ ತೋರಿಸುವ ಫಲಕಗಳನ್ನು ಹಾಕಿತು. ‘ಮಿತ್ರ’ ಎಂಬ ಹೆಸರಿನ ಆ ಯೋಜನೆಗೆ ವಿಶ್ವಬ್ಯಾಂಕಿನ ನೆರವಿತ್ತು. ಅಂಥದೇ ಪುಟ್ಟ ಫಲಕವೊಂದನ್ನು ಅಕ್ಬರ್ ರಸ್ತೆಯ ಒಂದು ಮನೆಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ತಾನೇ ಕಟ್ಟಲು ಕೂತಿದ್ದಾಳೆ ಎಂದುಕೊಳ್ಳೋಣ. ಎಲ್‌ಇಡಿ ದೀಪಗಳ ಒಂದು ಪಟ್ಟಿ, ಅದರ ಹಿಂದೆ ಹೆಬ್ಬೆರಳಿನ ಉಗುರಿಗಿಂತ ಚಿಕ್ಕದಾದ ಆರ್ಮ್ ಜಾತಿಯ ಚಿಪ್ಪು. ಪ್ರೋಗ್ರಾಮನ್ನು ಅವಳು ಸಿ ಭಾಷೆಯಲ್ಲಿ ಲ್ಯಾಪ್‌ಟಾಪಿನ ಮೇಲೆ ಬರೆದಳು. ಮೊದಲು ಲ್ಯಾಪ್‌ಟಾಪಿನಲ್ಲೇ ಓಡಿಸಿ ನೋಡಿದಳು. ಪರದೆಯ ಮೇಲೆ ಅಶೋಕ ರಸ್ತೆಯೂ ಬಂತು, ಪುಲಿಕೇಶಿ ರಸ್ತೆಯೂ ಬಂತು, ಮಂಡಿ ಮೊಹಲ್ಲಾವೂ ಬಂತು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಅದೇ ಪ್ರೋಗ್ರಾಮನ್ನು, ಒಂದಕ್ಷರ ಬದಲಿಸದೆ, ಚಿಪ್ಪಿಗೆ ಕಂಪೈಲ್ ಮಾಡಿ ಇಳಿಸಿದಳು. ಇಂಗ್ಲಿಷ್ ಹೆಸರುಗಳು ಸೊಗಸಾಗಿ ಹರಿದವು. ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಚುಕ್ಕೆಗಳ ಸಾಲು.

ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಬೈಯುವುದು ಫಾಂಟನ್ನು. ಆಮೇಲೆ ವೈರನ್ನು. ಇಲ್ಲಿ ಎರಡರದ್ದೂ ತಪ್ಪಿಲ್ಲ.

ಅವಳ ಪ್ರೋಗ್ರಾಮಿನಲ್ಲಿ ಒಂದು ಸಾಲಿದೆ: ಓದಿದ ಬೈಟು ಸೊನ್ನೆಗಿಂತ ಚಿಕ್ಕದಾಗಿದ್ದರೆ ಅದು ಕನ್ನಡದ್ದು, ಮೂರು ಬೈಟುಗಳನ್ನು ಒಟ್ಟುಗೂಡಿಸಿ ಅಕ್ಷರ ಹುಡುಕು, ಇಲ್ಲದಿದ್ದರೆ ಇಂಗ್ಲಿಷಿನದು, ನೇರವಾಗಿ ತೋರಿಸು. ಬೈಟಿಟ್ಟುಕೊಳ್ಳಲು ಅವಳು ಬಳಸಿದ್ದು ಸಿ ಭಾಷೆಯ ‘ಚಾರ್’ ಎಂಬ ಬಗೆಯನ್ನು. ಅಕ್ಷರಕ್ಕೆಂದೇ ಇರುವ ಬಗೆ ಅದು, ಬೇರೆ ಯಾವುದನ್ನು ಬಳಸಬೇಕಿತ್ತು?

‘ಮ’ ಅಕ್ಷರವನ್ನೇ ಬಿಡಿಸಿ ನೋಡಬಹುದು. ಯುಟಿಎಫ್-8ರಲ್ಲಿ ಅದು ಮೂರು ಬೈಟು: 224, 178, 174. ಮೊದಲನೆಯ ಬೈಟಿನ ಎಂಟು ಬಿಟ್ಟುಗಳು 11100000. ಎಡತುದಿಯ ಬಿಟ್ಟಿಗೆ 128ರ ಬೆಲೆ ಕಟ್ಟಿದರೆ 128, 64, 32 ಸೇರಿ 224 ಆಗುತ್ತದೆ. ಆದರೆ ಋಣಸಂಖ್ಯೆಗಳನ್ನೂ ಹಿಡಿಯಬೇಕಾದ ಬೈಟಿನಲ್ಲಿ ಎಡತುದಿಯ ಬಿಟ್ಟಿನ ಬೆಲೆ ಮೈನಸ್ 128. ಆಗ ಅದೇ 11100000 ಎಂಬುದು ಮೈನಸ್ 128, 64, 32 ಸೇರಿ ಮೈನಸ್ 32. ಬಿಟ್ಟುಗಳು ಕದಲಿಲ್ಲ, ಲೆಕ್ಕ ಬದಲಾಯಿತು. ಎರಡನೆಯ ಬೈಟು ಹೀಗೇ ಮೈನಸ್ 78, ಮೂರನೆಯದು ಮೈನಸ್ 82. ಹುಡುಗಿಯ ಲ್ಯಾಪ್‌ಟಾಪಿನ ಇಂಟೆಲ್ ಜಾತಿಯ ಪ್ರೊಸೆಸರಿಗೆ ಜಿಸಿಸಿ ಕಂಪೈಲರು ಚಾರನ್ನು ಋಣ ಹಿಡಿಯುವ ಬಗೆ ಎಂದು ಭಾವಿಸುತ್ತದೆ. ಹಾಗಾಗಿ ಅಲ್ಲಿ ಕನ್ನಡದ 33 ಬೈಟುಗಳೂ ಮೈನಸ್ಸಾದವು, ‘ಸೊನ್ನೆಗಿಂತ ಚಿಕ್ಕದೇ’ ಎಂಬ ಪ್ರಶ್ನೆಗೆ ಹೌದು ಎಂದವು, ಎಲ್ಲ ಸರಿಹೋಯಿತು. ಆರ್ಮ್ ಚಿಪ್ಪಿಗೆ ಕಂಪೈಲ್ ಮಾಡುವಾಗ ಅದೇ ಜಿಸಿಸಿ ಚಾರನ್ನು 0ಯಿಂದ 255ರವರೆಗಿನ ಧನಸಂಖ್ಯೆ ಎಂದೇ ಎಣಿಸುತ್ತದೆ. ಅಲ್ಲಿ ಯಾವ ಬೈಟೂ ಸೊನ್ನೆಗಿಂತ ಚಿಕ್ಕದಾಗಲಾರದು.

ಇದರ ಮುಂದಿನ ಹೆಜ್ಜೆ ಇನ್ನೂ ವಿಚಿತ್ರ. ಆಪ್ಟಿಮೈಸೇಶನ್, ಅಂದರೆ ಕೋಡನ್ನು ಚುರುಕುಗೊಳಿಸುವ ಏರ್ಪಾಡು, ಚಾಲೂ ಇದ್ದರೆ ಕಂಪೈಲರು ತರ್ಕ ಮಾಡುತ್ತದೆ: ಈ ಷರತ್ತು ಎಂದಿಗೂ ನಿಜವಾಗದು, ಅಂದಮೇಲೆ ಅದರ ಕೆಳಗಿನ ಕೆಲಸ ಎಂದಿಗೂ ನಡೆಯದು, ನಡೆಯದ ಕೆಲಸಕ್ಕೆ ಚಿಪ್ಪಿನಲ್ಲಿ ಜಾಗ ಯಾಕೆ? ಹೀಗೆಂದು ಆ ಭಾಗವನ್ನೇ ತೆಗೆದುಹಾಕುತ್ತದೆ. ಹೊರಬಂದ ಕೋಡನ್ನು ಆಬ್ಜ್‌ಡಂಪ್ ಎಂಬ ಸಾಧನದಿಂದ ಬಿಡಿಸಿ ಒಂದೊಂದೇ ಯಂತ್ರಸೂಚನೆ ಓದುತ್ತ ಹೋದರೆ ಬೈಟು ಓದುವ ಸೂಚನೆ ಸಿಗುತ್ತದೆ, ಇಂಗ್ಲಿಷ್ ಅಕ್ಷರ ತೋರಿಸುವ ಸೂಚನೆಗಳು ಸಿಗುತ್ತವೆ. ಕನ್ನಡ ಓದುವ ಭಾಗವನ್ನು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಹುಡುಗಿ ಬರೆದ ಕಡತದಲ್ಲಿ ಅದು ಇದೆ. ಚಿಪ್ಪಿನೊಳಗೆ ಅದು ಹೋಗಿಯೇ ಇಲ್ಲ.

ಒಂದು ಯಂತ್ರದ ಮೇಲೆ ಕೂತು ಇನ್ನೊಂದು ಜಾತಿಯ ಯಂತ್ರಕ್ಕೆ ಕೋಡು ಹೆಣೆದುಕೊಡುವ ಕಂಪೈಲರಿಗೆ ಕ್ರಾಸ್ ಕಂಪೈಲರ್ ಎನ್ನುತ್ತಾರೆ. ವಾಷಿಂಗ್ ಮಷೀನಿನ ಚಿಪ್ಪಿನ ಮೇಲೆ ಕೀಲಿಮಣೆ ಇಟ್ಟುಕೊಂಡು ಯಾರೂ ಪ್ರೋಗ್ರಾಂ ಬರೆಯುವುದಿಲ್ಲವಾದ್ದರಿಂದ ಮನೆಯೊಳಗಿನ ಬಹುತೇಕ ಉಪಕರಣಗಳ ಮಿದುಳು ಹೀಗೆ ಬೇರೆಡೆ ಹುಟ್ಟಿ ಬಂದದ್ದು. ಮೈಸೂರಿಗೆ ಇದು ಹೊರಗಿನ ವಿದ್ಯೆಯಲ್ಲ. 1988ರಿಂದ ಎಲೆಕ್ಟ್ರಾನಿಕ್ಸ್ ತಯಾರಿಸುತ್ತಿರುವ ಕೇನ್ಸ್ ಇಲ್ಲಿದೆ. 2020ರ ಕೋವಿಡ್ ಹೊತ್ತಿನಲ್ಲಿ ಬಿಇಎಲ್ ತಯಾರಿಸಿದ 30,000 ವೆಂಟಿಲೇಟರುಗಳ ವಿನ್ಯಾಸದ ಹಿಂದೆ ಇದ್ದ ಸ್ಕ್ಯಾನ್‌ರೇ ಕೂಡ ಈ ಊರಿನದೇ.

ಚಾರ್ ಋಣವೋ ಧನವೋ ಎಂಬ ಈ ಭಿನ್ನಮತ ಎಲ್ಲಿಂದ ಬಂತು? ಸಿ ಭಾಷೆ ಮೈಕೈ ತುಂಬಿಕೊಂಡದ್ದು 1970ರ ದಶಕದ ಮೊದಲಲ್ಲಿ, ಬೆಲ್ ಲ್ಯಾಬ್ಸಿನಲ್ಲಿ, ಪಿಡಿಪಿ-11 ಎಂಬ ಯಂತ್ರದ ಮೇಲೆ. ಆ ಯಂತ್ರ ಮೆಮೊರಿಯಿಂದ ಒಂದು ಬೈಟನ್ನು ರಿಜಿಸ್ಟರಿಗೆ, ಅಂದರೆ ಲೆಕ್ಕ ಮಾಡಲು ಇರುವ, ಬೈಟಿಗಿಂತ ಅಗಲವಾದ ಜಾಗಕ್ಕೆ, ತರುವಾಗ ಎಡತುದಿಯ ಬಿಟ್ಟನ್ನು ಉಳಿದ ಜಾಗಕ್ಕೆಲ್ಲ ತಾನಾಗಿಯೇ ಎಳೆದು ತುಂಬುತ್ತಿತ್ತು. ಅಂದರೆ ಮೈನಸ್ಸು ಮೈನಸ್ಸಾಗಿಯೇ ಉಳಿಯುತ್ತಿತ್ತು. ಹಾಗಾಗಿ ಅಲ್ಲಿ ಚಾರ್ ಋಣ ಹಿಡಿಯುವ ಬಗೆಯಾಯಿತು. ಬೇರೆ ಕೆಲವು ಯಂತ್ರಗಳು ಉಳಿದ ಜಾಗಕ್ಕೆ ಸೊನ್ನೆ ತುಂಬುತ್ತಿದ್ದವು. ಸಿ ಭಾಷೆಯನ್ನು ರೂಪಿಸಿದ ಡೆನ್ನಿಸ್ ರಿಚಿಯ ಬಳಗ ಯಾರನ್ನೂ ಕಟ್ಟಿಹಾಕಲಿಲ್ಲ; ಆಯಾ ಯಂತ್ರಕ್ಕೆ ಯಾವುದು ಅಗ್ಗವೋ ಅದು ಎಂದು ಬಿಟ್ಟುಕೊಟ್ಟಿತು. ಸಿ ಭಾಷೆಯ ಮಾನಕ ಸಮಿತಿಯೂ ಆಮೇಲೆ ಅದನ್ನೇ ಒಪ್ಪಿತು. ಎಲ್ಲರ ಯಂತ್ರದಲ್ಲೂ ವೇಗವಾಗಿ ಓಡುವ ಭಾಷೆ ಬೇಕಿತ್ತು, ಸಿಕ್ಕಿತು. ಅದರ ಬಾಕಿ ಇಂದಿಗೂ ಸಂದಾಯವಾಗುತ್ತಿದೆ.

1985ರಲ್ಲಿ ಇಂಗ್ಲೆಂಡಿನ ಏಕಾರ್ನ್ ಕಂಪನಿ ತನ್ನ ಮೊದಲ ಆರ್ಮ್ ಚಿಪ್ಪನ್ನು ತಂದಾಗ ಅದರಲ್ಲಿ ಬೈಟು ಓದಲು ಇದ್ದದ್ದು ಒಂದೇ ಸೂಚನೆ, ಎಲ್‌ಡಿಆರ್‌ಬಿ. ಅದು ಸೊನ್ನೆ ತುಂಬುವ ಜಾತಿಯದು. ಮೈನಸ್ಸು ಬೇಕಾದರೆ ಮೇಲೆ ಇನ್ನೆರಡು ಸೂಚನೆ ಖರ್ಚು ಮಾಡಿ ಬಿಟ್ಟುಗಳನ್ನು ಎಡಕ್ಕೆ ತಳ್ಳಿ ಬಲಕ್ಕೆ ಎಳೆಯಬೇಕಿತ್ತು. ಪ್ರತಿ ಅಕ್ಷರಕ್ಕೂ ಈ ದಂಡ ಯಾಕೆಂದು ಆರ್ಮ್ ಲೋಕ ಚಾರನ್ನು ಧನವೆಂದೇ ಇಟ್ಟುಕೊಂಡಿತು. ನಾಲ್ಕನೆಯ ಆವೃತ್ತಿಯ ಹೊತ್ತಿಗೆ ಎಲ್‌ಡಿಆರ್‌ಎಸ್‌ಬಿ ಎಂಬ, ಮೈನಸ್ಸನ್ನು ಕಾಪಾಡುವ ಸೂಚನೆ ಬಂದರೂ ರೂಢಿ ಬದಲಾಗಲಿಲ್ಲ. ಬದಲಾಯಿಸಿದರೆ ಅಷ್ಟರಲ್ಲಿ ಬರೆದಿಟ್ಟ ಪ್ರೋಗ್ರಾಮುಗಳ ಗತಿ?

ಕರ್ನಾಟಕದ ಮಟ್ಟಿಗೆ ಈ ಋಣ-ಧನದ ಗೆರೆಯ ಎರಡೂ ಬದಿಯಲ್ಲಿ ಕಾಲಿಟ್ಟು ನಿಂತ ಹೆಸರುವಾಸಿ ಯಂತ್ರವೆಂದರೆ ಸಿಂಪ್ಯೂಟರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರಿನವರು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಓದು ಬರಹ ಬಾರದವರೂ ಬಳಸಬಲ್ಲ, ಊರಿನವರು ಹಂಚಿಕೊಳ್ಳಬಲ್ಲ, ಅಂಗೈ ಮೇಲಿನ ಅಗ್ಗದ ಕಂಪ್ಯೂಟರ್ ಅವರ ಗುರಿ. 2001ರಲ್ಲಿ ಮಾದರಿಗಳು ಹೊರಬಂದವು. 2004ರಲ್ಲಿ ಪಿಕೋಪೇಟ ಎಂಬ ಕಂಪನಿ ಮತ್ತು ಬಿಇಎಲ್ ಜೊತೆಗೂಡಿ ‘ಅಮಿದ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೂ ತಂದವು. ಸ್ಮಾರ್ಟ್‌ಫೋನ್ ಎಂಬ ಪದ ಮನೆಮಾತಾಗುವ ಮೊದಲೇ ಸ್ಪರ್ಶಪರದೆ ಇಟ್ಟುಕೊಂಡು ಬಂದ ಆ ಯಂತ್ರ ಅಂಗಡಿಗಳಲ್ಲಿ ಸೋತಿತು. ಅದರ ಕತೆಗೆ ಬೇರೆಯೇ ಅಧ್ಯಾಯ ಬೇಕು.

ಇಲ್ಲಿ ಬೇಕಾದದ್ದು ಅದರ ಹೊಟ್ಟೆಯೊಳಗಿನ ಸಂಗತಿ. 206 ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್‌ಆರ್ಮ್ ಚಿಪ್ಪು, ಅದರ ಮೇಲೆ ಲಿನಕ್ಸ್. ಪ್ರೋಗ್ರಾಂ ಬರೆಯುವವರ ಮೇಜಿನ ಮೇಲೆ ಇರುತ್ತಿದ್ದದ್ದು ಇಂಟೆಲ್ ಪಿಸಿ. ಬರೆಯುವ ಯಂತ್ರದಲ್ಲಿ ಚಾರ್ ಋಣ, ಓಡುವ ಯಂತ್ರದಲ್ಲಿ ಧನ. ಸಾಲದ್ದಕ್ಕೆ ಆ ಯಂತ್ರದ ಬೆಲೆ ಇದ್ದದ್ದೇ ಭಾರತೀಯ ಭಾಷೆಗಳಲ್ಲಿ: ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳಲು ರಮೇಶ್ ಹರಿಹರನ್ ರೂಪಿಸಿದ ‘ಧ್ವನಿ’ ಎಂಬ ತಂತ್ರಾಂಶ ಕನ್ನಡವನ್ನೂ ಉಚ್ಚರಿಸುತ್ತಿತ್ತು. ಆ ಕಾಲದ ಭಾರತೀಯ ಮಾನಕ ಇಸ್ಕಿಯಲ್ಲೂ, ಅಂದರೆ 1991ರ ಐಎಸ್ 13194ರಲ್ಲೂ, ಕನ್ನಡ ಅಕ್ಷರಗಳ ಸ್ಥಾನ 128ರ ಮೇಲ್ಮಹಡಿಯಲ್ಲೇ. ಇಂಗ್ಲಿಷ್ ಮಾತ್ರ ಬಳಸುವ ಯಂತ್ರವಾಗಿದ್ದರೆ ಚಾರ್ ಬಗೆಯ ಈ ಭಿನ್ನಮತ ವರ್ಷಗಟ್ಟಲೆ ಮಲಗಿರಬಹುದಿತ್ತು. ಕನ್ನಡದ ಮೊದಲ ಅಕ್ಷರಕ್ಕೇ ಅದು ಎದ್ದು ಕೂರುತ್ತದೆ. ಅಮೆರಿಕದಲ್ಲಿ ಬರೆದ ಎಷ್ಟೋ ಪ್ರೋಗ್ರಾಮುಗಳು ಭಾರತಕ್ಕೋ ಜಪಾನಿಗೋ ಬಂದಮೇಲೆ ಕೆಡುವುದಕ್ಕೆ ಭಾಷೆಯನ್ನು ದೂರುವುದು ರೂಢಿ. ಕೆಟ್ಟದ್ದು ಅಲ್ಲೇ ಇರುತ್ತದೆ, ಇಲ್ಲಿ ಕಾಣುತ್ತದೆ ಅಷ್ಟೆ.

ತಿರುಗುಮುರುಗಾದ ತಪ್ಪೂ ಇದೆ. ಕಡತದಿಂದ ಒಂದೊಂದೇ ಅಕ್ಷರ ಓದುವ ‘ಗೆಟ್‌ಚಾರ್’ ಎಂಬ ಸೌಲಭ್ಯ, ಕಡತ ಮುಗಿದಾಗ ಮೈನಸ್ 1ನ್ನು ಕೊಡುತ್ತದೆ. ಅದನ್ನು ‘ಇಂಟ್’ ಎಂಬ ಇನ್ನೂ ಅಗಲವಾದ ಪೂರ್ಣಾಂಕದ ಬಗೆಯಲ್ಲಿ ಹಿಡಿಯಬೇಕೆಂದು ಕರ್ನಿಗನ್ ಮತ್ತು ರಿಚಿ ಬರೆದ ಸಿ ಭಾಷೆಯ ಪಠ್ಯಪುಸ್ತಕವೇ ಹೇಳುತ್ತದೆ. ಹೇಳಿದ್ದನ್ನು ಕೇಳದವರು ಚಾರ್‌ನಲ್ಲಿ ಹಿಡಿಯುತ್ತಾರೆ. ಪಿಸಿಯಲ್ಲಿ ನಡೆದುಹೋಗುತ್ತದೆ. ಆರ್ಮ್ ಯಂತ್ರದಲ್ಲಿ ಮೈನಸ್ 1 ಹೋಗಿ 255 ಆಗುತ್ತದೆ, 255 ಎಂದಿಗೂ ಮೈನಸ್ 1ಕ್ಕೆ ಸಮವಾಗದು, ಪ್ರೋಗ್ರಾಂ ಮುಗಿದ ಕಡತವನ್ನು ಓದುತ್ತಲೇ ಇರುತ್ತದೆ. ಪಿಸಿಯಿಂದ ಆರ್ಮ್ ಲಿನಕ್ಸಿಗೆ ಪ್ರೋಗ್ರಾಂ ಸಾಗಿಸಿದವರಲ್ಲಿ ಈ ಕಲ್ಲನ್ನು ಎಡವದವರು ಕಡಿಮೆ.

ಗೊಂದಲ ಚಿಪ್ಪಿನ ಜಾತಿಗೂ ನಿಲ್ಲುವುದಿಲ್ಲ. 2020ರಿಂದ ಆಪಲ್ ಕಂಪನಿಯ ಮ್ಯಾಕ್‌ಗಳಲ್ಲಿರುವುದೂ ಆರ್ಮ್ ಜಾತಿಯ ಚಿಪ್ಪೇ. ಆದರೆ ಆಪಲ್ ತನ್ನ ಹಳೆಯ ಪದ್ಧತಿಯಂತೆ ಅಲ್ಲಿ ಚಾರನ್ನು ಋಣವಾಗಿಯೇ ಉಳಿಸಿಕೊಂಡಿದೆ. ಅದೇ ಚಿಪ್ಪಿನ ಮೇಲೆ ಲಿನಕ್ಸ್ ಹಾಕಿದರೆ ಧನ. ಕೊನೆಗೆ ಲಿನಕ್ಸ್ ಕರ್ನಲ್ ಬರೆಯುವವರಿಗೇ ಬೇಸರ ಬಂದು, 2023ರ ಫೆಬ್ರವರಿಯಲ್ಲಿ ಹೊರಬಂದ 6.2 ಆವೃತ್ತಿಯಿಂದ, ಚಿಪ್ಪು ಯಾವುದೇ ಇರಲಿ, ಕರ್ನಲಿನೊಳಗೆ ಚಾರ್ ಎಂದರೆ ಧನವೇ ಎಂದು ಕಟ್ಟುಮಾಡಿದರು.

ಚಿಹ್ನೆಯ ಜಗಳ ಇದಾದರೆ ಅಗಲದ ಜಗಳ ಇನ್ನೊಂದು. ಮಂಡಿಗಳಲ್ಲಿ ಒಂದು ಕಾಲಕ್ಕೆ ಸೇರು ಎಂದರೆ ಯಾವ ಊರಿನ ಸೇರು, ಕಚ್ಚಾ ಸೇರೋ ಪಕ್ಕಾ ಸೇರೋ ಎಂದು ಕೇಳದೆ ವ್ಯಾಪಾರ ಕುದುರುತ್ತಿರಲಿಲ್ಲ. 1956ರ ಕಾಯ್ದೆಯಿಂದ ಕಿಲೋ ಬಂದಮೇಲೆ ಆ ಪ್ರಶ್ನೆ ಹೋಯಿತು. ಸಿ ಭಾಷೆಯ ‘ಇಂಟ್’ ಈಗಲೂ ಕಾಯ್ದೆಗೆ ಮುಂಚಿನ ಸೇರು. ಲ್ಯಾಪ್‌ಟಾಪಿನಲ್ಲಿ ಅದು 32 ಬಿಟ್ಟು, ಹವ್ಯಾಸಿಗಳು ಬಳಸುವ ಆರ್ಡುಯಿನೋ ಊನೋ ಬೋರ್ಡಿನ ಹಳೆಯ ಆವೃತ್ತಿಯ ಚಿಪ್ಪಿನಲ್ಲಿ 16. ‘ಲಾಂಗ್’ ಎಂಬುದು 64 ಬಿಟ್ಟಿನ ಲಿನಕ್ಸಿನಲ್ಲಿ 64, 64 ಬಿಟ್ಟಿನ ವಿಂಡೋಸಿನಲ್ಲಿ ಮಾತ್ರ 32.

ಅಂಥ ಆರ್ಡುಯಿನೋ ಇಟ್ಟುಕೊಂಡು ಹನಿ ನೀರಾವರಿಯ ಪಂಪಿಗೆ ಟೈಮರ್ ಕಟ್ಟುವವರ ಉದಾಹರಣೆ ತೆಗೆದುಕೊಳ್ಳಬಹುದು. ಒಂದು ನಿಮಿಷ ಕಾಯಬೇಕು. ಕಾಯುವ ಲೆಕ್ಕ ಮಿಲಿಸೆಕೆಂಡುಗಳಲ್ಲಿ, ಅಂದರೆ 60 ಗುಣಿಲೆ 1000. ಓದುವವರಿಗೆ ಸ್ಪಷ್ಟವಾಗಲಿ ಎಂದು ಹಾಗೇ ಗುಣಾಕಾರವಾಗಿ ಬರೆಯುತ್ತಾರೆ. 60 ಒಂದು ಇಂಟ್, 1000 ಒಂದು ಇಂಟ್, ಹಾಗಾಗಿ ಉತ್ತರವೂ ಇಂಟ್. 16 ಬಿಟ್ಟಿನ ಇಂಟ್ ಹಿಡಿಯಬಲ್ಲದ್ದು 32,767ರವರೆಗೆ ಮಾತ್ರ. 60,000 ಉಕ್ಕಿ ಹರಿದು ಮೈನಸ್ 5,536 ಆಗುತ್ತದೆ. ಕಾಯುವ ಕೆಲಸ ಮಾಡುವ ‘ಡಿಲೇ’ಗೆ ಬೇಕಿರುವುದು ಋಣವಿಲ್ಲದ 32 ಬಿಟ್ಟಿನ ಸಂಖ್ಯೆ, ಅಲ್ಲಿಗೆ ಹೋಗುವಾಗ ಮೈನಸ್ 5,536 ವೇಷ ಬದಲಿಸಿ 429,49,61,760 ಆಗುತ್ತದೆ. ಮಿಲಿಸೆಕೆಂಡುಗಳನ್ನು ದಿನ ಮಾಡಿದರೆ 49 ದಿನ 17 ಗಂಟೆ. ಒಂದು ನಿಮಿಷಕ್ಕೆಂದು ಹಾಕಿದ ಪಂಪು ಹೆಚ್ಚುಕಡಿಮೆ ಐವತ್ತು ದಿನ ಓಡಬೇಕು, ಬಾವಿಯಲ್ಲಿ ನೀರೂ ತಂತಿಯಲ್ಲಿ ಕರೆಂಟೂ ಇದ್ದರೆ.

ತಮಾಷೆಯೆಂದರೆ, ಗುಣಾಕಾರ ಬಿಟ್ಟು ನೇರವಾಗಿ 60000 ಎಂದು ಬರೆದರೆ ಎಲ್ಲ ಸರಿ. ಆ ಸಂಖ್ಯೆ ಇಂಟ್‌ನಲ್ಲಿ ಹಿಡಿಯದೆಂದು ಕಂಪೈಲರಿಗೆ ಬರೆದಾಗಲೇ ಕಾಣುತ್ತದೆ, ಅದನ್ನು ತಾನಾಗಿ ಲಾಂಗ್ ಮಾಡಿಕೊಳ್ಳುತ್ತದೆ. 60ರ ಪಕ್ಕ ಯು, ಎಲ್ ಎಂಬ ಎರಡಕ್ಷರ ಅಂಟಿಸಿದರೂ ಸಾಕು. ಇದು ಋಣವಿಲ್ಲದ ಲಾಂಗ್ ಎಂದು ಅರ್ಥ. ಎಚ್ಚರಿಕೆಗಳನ್ನು ಚಾಲೂ ಮಾಡಿಕೊಂಡಿದ್ದರೆ ಕಂಪೈಲರೇ ಉಕ್ಕುವುದನ್ನು ಹೇಳುತ್ತದೆ. ಆರ್ಡುಯಿನೋ ತಂತ್ರಾಂಶದಲ್ಲಿ ಎಚ್ಚರಿಕೆಗಳು ಹುಟ್ಟಿನಿಂದಲೇ ಬಂದ್ ಆಗಿರುತ್ತವೆ. ಹೊಸಬರನ್ನು ಹೆದರಿಸಬಾರದೆಂಬ ಕಾಳಜಿ ಇರಬಹುದು, ಆದರೆ ಎಚ್ಚರಿಕೆ ಹೊಸಬರಿಗೇ ಹೆಚ್ಚು ಬೇಕು.

ಪಂಪಿನ ಮಟ್ಟದಲ್ಲಿ ನಗಬಹುದಾದ ಈ ಜಾತಿಯ ತಪ್ಪು ರಾಕೆಟ್ಟುಗಳನ್ನು ನುಂಗಿದೆ. 1993ರ ಸೆಪ್ಟೆಂಬರ್ 20ರಂದು ಪಿಎಸ್‌ಎಲ್‌ವಿ ತನ್ನ ಮೊದಲ ಹಾರಾಟದಲ್ಲಿ ಬೆಂಗಳೂರಿನಲ್ಲಿ ಸಿದ್ಧವಾದ ಐಆರ್‌ಎಸ್-1ಇ ಉಪಗ್ರಹವನ್ನು ಹೊತ್ತು ಶ್ರೀಹರಿಕೋಟಾದಿಂದ ಏರಿತು. ಎರಡನೆಯ ಹಂತ ಕಳಚುವಾಗ ರಾಕೆಟ್ಟು ನಿರೀಕ್ಷೆಗಿಂತ ದೊಡ್ಡ ಜೋಲಿ ಹೊಡೆಯಿತು. ಅದನ್ನು ತಿದ್ದಬೇಕಿದ್ದ ನಿಯಂತ್ರಣ ಪ್ರೋಗ್ರಾಮಿನಲ್ಲಿ ಒಂದು ದೋಷ ಅವಿತಿತ್ತು: ಆಜ್ಞೆಯ ಮೌಲ್ಯ ನಿಗದಿತ ಗರಿಷ್ಠ ಮಿತಿ ದಾಟಿದರೆ ಮಾತ್ರ ಹೊರಬೀಳುವಂಥದು. ಅಂದು ದಾಟಿತು. ರಾಕೆಟ್ಟೂ ಉಪಗ್ರಹವೂ ಬಂಗಾಳ ಕೊಲ್ಲಿಯ ಪಾಲಾದವು. ಇಸ್ರೋ ತಿದ್ದಿಕೊಂಡು 1994ರ ಅಕ್ಟೋಬರ್ 15ರಂದು ಮತ್ತೆ ಹಾರಿಸಿ ಗೆದ್ದಿತು. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5ರ ಮೊದಲ ಹಾರಾಟ ಸುಮಾರು 37 ಸೆಕೆಂಡಿಗೆ ದಾರಿ ತಪ್ಪಿ ಸಿಡಿಯಿತು. 64 ಬಿಟ್ಟಿನ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್ಟಿನ ಪೂರ್ಣಾಂಕಕ್ಕೆ ತುರುಕುವಾಗ ಅದು ಹಿಡಿಸಲಿಲ್ಲ. ಏರಿಯಾನ್-4ರಿಂದ ಎತ್ತಿಕೊಂಡ ಕೋಡು ಅದು. ಹಳೆಯ ರಾಕೆಟ್ಟಿನ ವೇಗಕ್ಕೆ ಆ ಸಂಖ್ಯೆ ಎಂದೂ ಅಷ್ಟು ದೊಡ್ಡದಾಗಿರಲಿಲ್ಲ.

ಏರಿಯಾನ್ ಪ್ರೋಗ್ರಾಂ ಇದ್ದದ್ದು ಅಡಾ ಭಾಷೆಯಲ್ಲಿ. ಸಿ ಭಾಷೆ ಒಂದು ಬಗೆಯ ಪೂರ್ಣಾಂಕವನ್ನು ಇನ್ನೊಂದಕ್ಕೆ ಸದ್ದಿಲ್ಲದೆ ಬದಲಿಸುತ್ತದೆ, ಅಡಾ ಹಾಗೆ ಮಾಡುವುದಿಲ್ಲ. ಬರೆದವರು ಬಾಯಿಬಿಟ್ಟು ಕೇಳಬೇಕು, ಹಿಡಿಸದಿದ್ದರೆ ಓಡುವಾಗಲೂ ಕೂಗುತ್ತದೆ. ಏರಿಯಾನ್‌ನಲ್ಲಿ ಕೂಗಿತು ಕೂಡ, ಆ ಕೂಗನ್ನು ಕೇಳಿಸಿಕೊಳ್ಳುವ ಏರ್ಪಾಡನ್ನು ಆ ಜಾಗದಲ್ಲಿ ಇಟ್ಟಿರಲಿಲ್ಲ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್ ವಿಮಾನದ ಹಾರಾಟ ನಿಯಂತ್ರಣಕ್ಕೂ ಅಡಾವನ್ನೇ ಆರಿಸಿದ್ದರು. ಇಸ್ರೋ ತನ್ನ 16 ಬಿಟ್ಟಿನ ವಿಕ್ರಮ್ 1601 ಪ್ರೊಸೆಸರಿಗೆ ಅಡಾ ಕಂಪೈಲರನ್ನು ತಾನೇ ಕಟ್ಟಿಕೊಂಡಿದೆ. 2009ರಿಂದ ರಾಕೆಟ್ಟುಗಳಲ್ಲಿ ಹಾರುತ್ತಿರುವ ಈ ಚಿಪ್ಪಿನ 32 ಬಿಟ್ಟಿನ ತಮ್ಮ, ವಿಕ್ರಮ್ 3201, 2025ರ ಮಾರ್ಚಿನಲ್ಲಿ ಇಸ್ರೋ ಕೈಸೇರಿತು. 16ಕ್ಕೆಂದು ಬರೆದ ಲೆಕ್ಕಗಳು 32ಕ್ಕೆ ಏರುವಾಗ ಯಾವ ಸಂಖ್ಯೆ ಎಷ್ಟು ಅಗಲ ಎಂಬ ಪ್ರಶ್ನೆಯೂ ಜೊತೆಗೇ ಏರುತ್ತದೆ.

ಇವೆಲ್ಲ ಬಿಟ್ಟುಗಳೇ ಹೊಂದದ ಪ್ರಸಂಗಗಳು. ಬಿಟ್ಟುಗಳೆಲ್ಲ ಹೊಂದಿದರೂ ಕಂಪೈಲರು ತಗಾದೆ ತೆಗೆಯುವ ಪ್ರಸಂಗವೂ ಉಂಟು, ಅದು ಹೆಚ್ಚು ತಲೆ ತಿನ್ನುತ್ತದೆ. ಆಪರೇಟಿಂಗ್ ಸಿಸ್ಟಮ್ ಇಲ್ಲದ ಬರಿಯ ಆರ್ಮ್ ಚಿಪ್ಪಿಗೆ ಜಿಸಿಸಿ ಜೊತೆ ಸಾಮಾನ್ಯವಾಗಿ ಬಳಸುವ ಲೈಬ್ರರಿ ನ್ಯೂಲಿಬ್. ಅಲ್ಲಿ ‘32 ಬಿಟ್ಟಿನ ಪೂರ್ಣಾಂಕ’ ಎಂಬ ಮಾನಕ ಹೆಸರಿನ ಹಿಂದೆ ಇರುವುದು ಲಾಂಗ್. ಲಿನಕ್ಸಿನಲ್ಲಿ ಅದೇ ಹೆಸರಿನ ಹಿಂದೆ ಇರುವುದು ಇಂಟ್. ಆ ಚಿಪ್ಪಿನಲ್ಲಿ ಇಂಟ್ ಕೂಡ 32 ಬಿಟ್ಟು, ಲಾಂಗ್ ಕೂಡ 32 ಬಿಟ್ಟು. ಹೊರಬರುವ ಯಂತ್ರಸೂಚನೆಯಲ್ಲಿ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಆದರೂ ಭಾಷೆಯ ಕಣ್ಣಿಗೆ ಅವು ಬೇರೆ ಬೇರೆ. ಹೆಡರ್ ಕಡತದಲ್ಲಿ ಇಂಟ್ ಎಂದು ಸಾರಿ, ಇನ್ನೊಂದು ಕಡತದಲ್ಲಿ ಮಾನಕ ಹೆಸರಿನಿಂದ ಬರೆದರೆ ಲ್ಯಾಪ್‌ಟಾಪಿನಲ್ಲಿ ಸುಮ್ಮನಿರುವ ಕಂಪೈಲರು ಇಲ್ಲಿ ‘ಬಗೆಗಳು ಹೊಂದುತ್ತಿಲ್ಲ’ ಎಂದು ಬಾಗಿಲು ಹಾಕುತ್ತದೆ. ಒಂದರ ವಿಳಾಸವನ್ನು ಇನ್ನೊಂದರ ವಿಳಾಸವೆಂದು ಕೊಟ್ಟರೆ ಹಿಂದೆ ಎಚ್ಚರಿಕೆ ಹೇಳಿ ಬಿಡುತ್ತಿತ್ತು. 2024ರ ಮೇ ತಿಂಗಳಲ್ಲಿ ಬಂದ ಜಿಸಿಸಿ 14ರಿಂದ ಅದೂ ಪೂರ್ಣ ತಪ್ಪು. ಅಲ್ಲಿಯವರೆಗೆ ಎಚ್ಚರಿಕೆಗಳನ್ನು ಕಂಡೂ ಕಾಣದಂತಿದ್ದ ಹಳೆಯ ಪ್ರಾಜೆಕ್ಟುಗಳು ಕಂಪೈಲರ್ ಹೊಸದಾದ ದಿನವೇ ನಿಂತುಹೋಗುತ್ತವೆ.

ಬಹಳ ಮಂದಿ ಇಲ್ಲಿ ಕೈಹಾಕುವುದು ಕಾಸ್ಟಿಂಗಿಗೆ, ಅಂದರೆ ‘ಇದನ್ನು ಇಂಟ್ ಎಂದೇ ತಿಳಿ’ ಎಂದು ಕಂಪೈಲರಿಗೆ ಗದರುವುದಕ್ಕೆ. ಎಚ್ಚರಿಕೆ ಹೋಗುತ್ತದೆ, ಕಾಯಿಲೆ ಉಳಿಯುತ್ತದೆ. ನಾಳೆ ಲಾಂಗ್ 64 ಬಿಟ್ಟಾದ ಯಂತ್ರಕ್ಕೆ ಅದೇ ಕೋಡು ಹೋದಾಗ ಗದರಿಕೆಯೂ ಜೊತೆಗೆ ಹೋಗಿ, ಅರ್ಧ ಸಂಖ್ಯೆಯನ್ನು ಸದ್ದಿಲ್ಲದೆ ಕತ್ತರಿಸುತ್ತದೆ. ಸರಿಯಾದ ರಿಪೇರಿ ಬೇಸರದ್ದು: ಹೆಡರಿನಲ್ಲೂ ಕಡತದಲ್ಲೂ ಒಂದೇ ಹೆಸರು, ಮುದ್ರಿಸುವ ಸೂತ್ರದಲ್ಲಿ ಶೇಕಡಾ-ಡಿ ಬದಲು ಆ ಬಗೆಗೆಂದೇ ಮಾನಕದಲ್ಲಿರುವ ಸಂಕೇತ, ಅಗಲ ಮುಖ್ಯವಾದ ಕಡೆಯೆಲ್ಲ 1999ರ ಸಿ ಮಾನಕ ಕೊಟ್ಟ ನಿಶ್ಚಿತ ಅಗಲದ ಬಗೆಗಳು.

ಕೋಡನ್ನು ಮನುಷ್ಯರೇ ಬರೆದಿರದಿದ್ದರೆ? ಕಾರುಗಳ, ವೈದ್ಯಕೀಯ ಉಪಕರಣಗಳ ನಿಯಂತ್ರಣವನ್ನು ಸಿಮುಲಿಂಕ್ ಎಂಬ ತಂತ್ರಾಂಶದಲ್ಲಿ ಚೌಕಗಳಾಗಿ ಚಿತ್ರಿಸಿ, ಅದರಿಂದ ಸಿ ಕೋಡು ಉತ್ಪಾದಿಸುವುದು ಈಗ ಮಾಮೂಲು. ಉತ್ಪಾದಿಸುವಾಗಲೇ ಗುರಿಯ ಚಿಪ್ಪಿನ ಇಂಟ್ ಎಷ್ಟು, ಲಾಂಗ್ ಎಷ್ಟು ಎಂದು ಹೇಳಬೇಕು. ಹೇಳಿದ್ದು ತಪ್ಪಾದರೆ, ಬೇರೆ ಅಗಲದ ಕಂಪೈಲರಿಗೆಂದು ಮಾಡಿದ ಕೋಡು ಇದು ಎಂದು ಆ ಕೋಡಿನೊಳಗಿನ ಪರೀಕ್ಷೆಯೇ ಕಂಪೈಲ್ ಆಗದಂತೆ ತಡೆಯುತ್ತದೆ. ಆತುರಗಾರರು ಆ ಪರೀಕ್ಷೆಯ ಸಾಲುಗಳನ್ನೇ ಅಳಿಸುತ್ತಾರೆ. ಉತ್ಪಾದನೆಯಾದ ಕಡತವನ್ನು ಕೈಯಿಂದ ತಿದ್ದಿದರೆ ಮುಂದಿನ ಸಲ ಉತ್ಪಾದಿಸಿದಾಗ ತಿದ್ದುಪಡಿ ಮಾಯವಾಗುತ್ತದೆ ಎಂಬುದು ಹೋಗಲಿ. ಚಿತ್ರದಲ್ಲಿ 16 ಬಿಟ್ಟಿಗೆಂದು ಮಾಡಿದ ಲೆಕ್ಕಾಚಾರ 32ರಲ್ಲಿ ಬೇರೆ ಉತ್ತರ ಕೊಡಬಹುದು. ಗುರಿಯ ವಿವರವನ್ನು ಸರಿಪಡಿಸಿ ಮತ್ತೆ ಉತ್ಪಾದಿಸುವುದೇ ಅಲ್ಲಿನ ರಿಪೇರಿ.

ಅಕ್ಬರ್ ರಸ್ತೆಯ ಹುಡುಗಿಗೆ ಎರಡು ದಾರಿಗಳಿವೆ. ಕಂಪೈಲರಿಗೆ ‘ಚಾರನ್ನು ಋಣವೆಂದೇ ತಿಳಿ’ ಎಂಬ ಸ್ವಿಚ್ಚು ಕೊಟ್ಟರೆ, ಎಲ್‌ಡಿಆರ್‌ಬಿ ಇದ್ದಲ್ಲಿ ಎಲ್‌ಡಿಆರ್‌ಎಸ್‌ಬಿ ಬಂದು, ಮಾಯವಾದ ಕನ್ನಡದ ಭಾಗ ಹೊರಬರುವ ಕೋಡಿಗೆ ಮರಳುತ್ತದೆ. ಹಬ್ಬದ ಹಿಂದಿನ ರಾತ್ರಿ ಫಲಕ ಹೊತ್ತಿಕೊಳ್ಳಲೇಬೇಕಿದ್ದರೆ ಇದು ನಡೆಯುತ್ತದೆ. ಆದರೆ ಅವಳು ಜೋಡಿಸಿಕೊಂಡ ಎಲ್‌ಇಡಿ ಲೈಬ್ರರಿ ಆ ಸ್ವಿಚ್ಚಿಲ್ಲದೆ ಮೊದಲೇ ಕಂಪೈಲ್ ಆಗಿದ್ದರೆ ಎರಡರ ನಡುವೆ ಬೈಟು ಕೈ ಬದಲಾಯಿಸುವಲ್ಲಿ ಹೊಸ ತಕರಾರು ಹುಟ್ಟಬಹುದು. ಇನ್ನೊಂದು ದಾರಿಯಲ್ಲಿ ಚಾರ್ ಬಿಟ್ಟು ‘ಋಣವಿಲ್ಲದ 8 ಬಿಟ್ಟು’ ಎಂದು ಬಗೆಯನ್ನು ಬಿಡಿಸಿ ಹೇಳಿ, ಸೊನ್ನೆಗಿಂತ ಚಿಕ್ಕದೇ ಎಂಬ ಪ್ರಶ್ನೆಯನ್ನು 128 ಅಥವಾ ಅದಕ್ಕಿಂತ ಹೆಚ್ಚೇ ಎಂದು ಬದಲಿಸಬೇಕು. ಆಗ ಲ್ಯಾಪ್‌ಟಾಪಿನಲ್ಲೂ ಚಿಪ್ಪಿನಲ್ಲೂ ಆಪಲ್ ಯಂತ್ರದಲ್ಲೂ ಉತ್ತರ ಒಂದೇ.

ಇದನ್ನು ಮುಂಚೆಯೇ ಹಿಡಿಯಬಹುದಿತ್ತು. ಜಿಸಿಸಿಯ ‘ವಾಲ್’ ಎಂಬ ಸ್ವಿಚ್ಚು ಎಲ್ಲ ಎಚ್ಚರಿಕೆ ಕೊಡುತ್ತದೆಂದು ಹೆಸರಿನಿಂದ ಅನಿಸಿದರೂ ಈ ಎಚ್ಚರಿಕೆ ಅದರಲ್ಲಿಲ್ಲ. ‘ಎಕ್ಸ್‌ಟ್ರಾ’ ಎಂಬ ಇನ್ನೊಂದನ್ನು ಹಾಕಿದಾಗಲೇ ಆರ್ಮ್ ಕಂಪೈಲರು ‘ಈ ಹೋಲಿಕೆ ಎಂದಿಗೂ ನಿಜವಾಗದು’ ಎನ್ನುವುದು. ಚಿಪ್ಪು ಕೈಗೆ ಬರುವ ಮೊದಲೇ ಲ್ಯಾಪ್‌ಟಾಪಿನಲ್ಲಿ ಚಾರನ್ನು ಧನ ಮಾಡುವ ಸ್ವಿಚ್ಚು ಹಾಕಿ ಒಮ್ಮೆ ಓಡಿಸಿದರೆ ಅದೇ ಚುಕ್ಕೆಗಳ ಸಾಲು ಪರದೆಯ ಮೇಲೇ ಬರುತ್ತದೆ. ಪರೀಕ್ಷೆಗೆ ಕೊಡುವ ಸಂಖ್ಯೆಗಳಲ್ಲಿ 127, 128, 255, 32,767, 32,768 ಇರಬೇಕು, ಕೊಡುವ ಹೆಸರುಗಳಲ್ಲಿ ಅರ್ಧದಷ್ಟಾದರೂ ಕನ್ನಡದ್ದಿರಬೇಕು. 33 ಬೈಟುಗಳನ್ನು ಗೆರೆಯ ಆಚೆ ಇಟ್ಟುಕೊಂಡಿರುವ ‘ಮಂಡಿ ಮೊಹಲ್ಲಾ’ ಆ ಕೆಲಸಕ್ಕೆ ಧಾರಾಳ ಸಾಕು; ಅದರ ಜೊತೆ ಒಂದು ಒತ್ತಕ್ಷರವೂ ಸಿಗುತ್ತದೆ, ಫಾಂಟು ನಿಜವಾಗಿ ಸರಿಯಿದೆಯೇ ಎಂದು ನೋಡಲು.